ಸಂಕಮ್ಮನ ಸಾಲನ್ನು ಇಡಿಯಾಗಿ ಹಾಡುವ ಒಂದು ಕಂಸಾಳೆ ಮೇಳ

ಮನೆಯಲ್ಲಿ ಮಾದಪ್ಪನ, ಅಂದರೆ ಮಲೆ ಮಾದೇಶ್ವರನ, ಪರ (ದೇವರ ಹೆಸರಿನ ಪೂಜೆ, ಊಟ) ಇಟ್ಟುಕೊಂಡವರು, ಗೃಹಪ್ರವೇಶದ ರಾತ್ರಿ ಕಥೆ ಮಾಡಿಸಬೇಕೆಂದಿರುವವರು ಮಂಡ್ಯ, ಮೈಸೂರು ಕಡೆ ಇಂದಿಗೂ ಇದ್ದಾರೆ. ಆದರೆ ಎಂಥ ಮೇಳವನ್ನು ಕರೆಸಬೇಕು, ಎಷ್ಟು ಹೊತ್ತು ಹಾಡಿಸಬೇಕು, ಯಾವುದನ್ನು ಮೊದಲೇ ಮಾತನಾಡಿಕೊಳ್ಳಬೇಕು ಎಂದು ಬರೆದಿಟ್ಟವರು ಕಡಿಮೆ. ಮಂಡ್ಯದ ನಮ್ಮ ಮನೆಯ ಪರಕ್ಕೆ ಕಂಚಿನ ತಾಳ ಬಾರಿಸುತ್ತ ಮಾದಪ್ಪನ ಕಥೆ ಹಾಡುವ, ಮಳವಳ್ಳಿ ತಾಲ್ಲೂಕಿನ ಒಂದು ಕಂಸಾಳೆ ಮೇಳವನ್ನು ಕರೆಸಿ ರಾತ್ರಿಯಿಡೀ ‘ಸಂಕಮ್ಮನ ಸಾಲು’ ಹಾಡಿಸಿದೆವು. ಆ ಸೇವೆಯನ್ನು ಕುರಿತ ವಿಮರ್ಶೆ ಇದು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಕಥೆಯಲ್ಲಿ ಸಂಕಮ್ಮನ ಮೇಲೆ ಗಂಡನಿಗಿರುವ ಅನುಮಾನವನ್ನು ಅವಸರವಿಲ್ಲದೆ ಹಾಡುವ ಮೇಳವನ್ನೇ ಹುಡುಕಿ ಕರೆಸಬೇಕು, ಪವಾಡದ ಕಡೆಗೆ ಓಡುವ ಮೇಳವನ್ನಲ್ಲ. ನಾವು ಕರೆಸಿದ್ದು ಮೊದಲನೆಯ ಬಗೆಯದು. ಅದರಲ್ಲೂ ಕೊರತೆಗಳಿವೆ, ಅವನ್ನೂ ಹೇಳುತ್ತೇನೆ.

ಮಲೆ ಮಾದೇಶ್ವರನ ಕಾವ್ಯ ಸಾಲುಗಳಾಗಿ, ಅಂದರೆ ಬಿಡಿ ಕಥಾಭಾಗಗಳಾಗಿ, ಹಂಚಿಕೊಂಡಿದೆ ಎಂಬುದು ಈ ಸೀಮೆಯವರಿಗೆ ಗೊತ್ತಿರುವ ಸಂಗತಿಯೇ. ಶ್ರವಣದೊರೆಯ ಸಾಲು, ಆಲಂಬಾಡಿ ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸರಗೂರಯ್ಯನ ಸಾಲು ಹೀಗೆ ಒಂದೊಂದೂ ಒಂದು ರಾತ್ರಿಗೆ ಸಾಲುವಷ್ಟು ಉದ್ದ. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ್ದು, ಅದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಹೊರತಂದದ್ದು ಓದುವ ಅಭ್ಯಾಸವುಳ್ಳವರಿಗೆ ನೆನಪಿರಬಹುದು. ಆದರೆ ಪುಸ್ತಕದ ಪಾಠವೂ ಮೇಳದ ಪಾಠವೂ ಒಂದೇ ಆಗಿರಬೇಕಿಲ್ಲ. ದೇವರಗುಡ್ಡರು, ಅಂದರೆ ಮಾದಪ್ಪನ ದೀಕ್ಷೆ ಪಡೆದ ಈ ಗಾಯಕರು, ಗುರುವಿನ ಬಾಯಿಂದ ಕಲಿತು ಹಾಡುವವರು. ನೀಲೇಗೌಡ ಎಂದು ಒಂದು ಕಡೆ ಹಾಡುವ ಸಂಕಮ್ಮನ ಗಂಡನ ಹೆಸರನ್ನು ಇನ್ನೊಂದು ಕಡೆ ನೀಲಯ್ಯ ಎನ್ನುತ್ತಾರೆ. ನಮ್ಮ ಮನೆಗೆ ಬಂದವರು ನೀಲಯ್ಯ ಎಂದೇ ಹಾಡಿದರು. ಆದ್ದರಿಂದ ಮುಂದೆ ನಾನು ಹೇಳುವ ಕಥೆ ಆ ರಾತ್ರಿ ಕೇಳಿದ ಪಾಠದ್ದು.

ಕಥೆಯ ತಿರುಳು ಇಷ್ಟು. ಕಾಡಿಗೆ ಹೊರಟ ಸೋಲಿಗರ ನೀಲಯ್ಯನಿಗೆ ಮನೆಯಲ್ಲಿ ಒಬ್ಬಳೇ ಉಳಿಯುವ ಹೆಂಡತಿಯ ಮೇಲೆ ಅನುಮಾನ. ತಾನು ಮರಳಿ ಬರುವವರೆಗೆ ಪರಪುರುಷನ ಮುಖ ನೋಡುವುದಿಲ್ಲವೆಂದು ಬಲಗೈ ಭಾಷೆ ಕೊಡು ಎಂದು ಅವನು ಕೇಳುತ್ತಾನೆ, ಸಂಕಮ್ಮ ಕೊಡುವುದಿಲ್ಲ. ಅವನು ಅವಳನ್ನು ಹಿಂಸಿಸಿ, ಕಟ್ಟಿಹಾಕಿ, ಗುಡಿಸಲಿಗೆ ಬೇಲಿ ಬಿಗಿದು ಕಾಡಿಗೆ ಹೋಗುತ್ತಾನೆ. ಮಾದೇಶ್ವರ ಜಂಗಮನ ವೇಷದಲ್ಲಿ ಬಂದು ಕಟ್ಟು ಬಿಡಿಸುತ್ತಾನೆ, ಬಂಜೆಯೆನಿಸಿಕೊಂಡಿದ್ದವಳಿಗೆ ಮಕ್ಕಳ ಫಲ ಕೊಡುತ್ತಾನೆ, ಆ ಮಕ್ಕಳು ತನ್ನ ಒಕ್ಕಲು, ಅಂದರೆ ತನಗೆ ನಡೆದುಕೊಳ್ಳುವ ಭಕ್ತರು, ಆಗಬೇಕೆಂದು ಮಾತು ತೆಗೆದುಕೊಳ್ಳುತ್ತಾನೆ. ಗಂಡ ಮರಳಿ ಬಂದಾಗ ಹೆಂಡತಿ ಗರ್ಭಿಣಿ. ಬೇಲಿಯೊಳಗಿದ್ದವಳು ಬಸುರಾದದ್ದು ಹೇಗೆ ಎಂಬ ಪ್ರಶ್ನೆಗೆ ಅವಳು ನೆರೆದವರ ಮುಂದೆ ಸತ್ಯ ಮಾಡಿ ತೋರಿಸಬೇಕಾಗುತ್ತದೆ. ಕೊನೆಗೆ ಕಾರಯ್ಯ, ಬಿಲ್ಲಯ್ಯ ಎಂಬ ಅವಳಿ ಮಕ್ಕಳು ಹುಟ್ಟುತ್ತಾರೆ.

ಹಾದರ ನಡೆಯದ ಹಾದರದ ಕಥೆ ಇದು. ಇದರಲ್ಲಿ ವೇಷ ಹಾಕಿಕೊಂಡು ಬಂದವನು ದೇವರೊಬ್ಬನೇ, ಮಾತಿಗೆ ತಪ್ಪಿದವರು ಯಾರೂ ಇಲ್ಲ. ಆದರೂ ಊರ ಕಣ್ಣಿನಲ್ಲಿ ವಂಚಕಿಯಾಗಿ ನಿಲ್ಲುವವಳು ಸಂಕಮ್ಮ. ಅಳು, ಹೊಡೆತ, ಶಪಥ, ಬೆಂಕಿಯಂಥ ಮಾತು ಎಲ್ಲವೂ ಹದ ಮೀರಿ ತುಂಬಿರುವ ಈ ಸಾಲು ಕೆಟ್ಟ ಗಾಯಕರ ಬಾಯಿಗೆ ಬಿದ್ದರೆ ಬರೀ ಗೋಳಾಗಿಬಿಡುತ್ತದೆ. ಕಥೆಯ ಬೇರು ಇರುವುದು ಭಾಷೆ ಕೇಳುವ ಪ್ರಸಂಗದಲ್ಲಿ ಎಂದು ನನ್ನ ಎಣಿಕೆ. ಧಾರೆ ಎರೆದು ಕೊಟ್ಟ ಕೈಯನ್ನು ಮತ್ತೆ ಭಾಷೆಗೆ ಚಾಚು ಎನ್ನುವವನು ಆ ಧಾರೆಯನ್ನೇ ನಂಬಿಲ್ಲ ಎಂಬುದು ಅವಳ ವಾದ. ಅವಳು ನಿರಾಕರಿಸುವುದು ಪಾತಿವ್ರತ್ಯವನ್ನಲ್ಲ, ಅದಕ್ಕೆ ಕೇಳಿದ ಸಾಕ್ಷಿಯನ್ನು. ಈ ವಾದ ಕೇಳುಗರ ಕಿವಿಗೆ ಬೀಳದೆ ಹೋದರೆ, ಆಮೇಲೆ ಬರುವ ಪವಾಡಗಳೆಲ್ಲ ಬರಿಯ ಸಂಭ್ರಮ.

ನಮ್ಮ ಮೇಳ ಗೆದ್ದದ್ದು ಇಲ್ಲಿಯೇ. ಒಪ್ಪಿಸಲು ಹೋದಾಗಲೇ ಹಿರಿಯ ಗಾಯಕರು, “ಯಾವ ಸಾಲು ಏಳ್ಬೇಕವ್ವಾ? ಸಂಕಮ್ಮನ್ನ ಪೂರ್ತಿ ಏಳ್ಬೇಕು ಅಂದ್ರೆ ಬೆಳ್ಗಾನ ಆಯ್ತದೆ, ಕೂತ್ಕೊಳೋರು ಅವ್ರಾ?” ಎಂದು ಕೇಳಿದ್ದರು. ಕೂರುವವರು ಇದ್ದಾರೆಂದು ಒಪ್ಪಿಕೊಂಡ ಮೇಲೆಯೇ ವೀಳ್ಯ ತೆಗೆದುಕೊಂಡರು. ಮಾದಪ್ಪನ ಪಟಕ್ಕೆ ಪೂಜೆಯಾಗಿ, ಧೂಪ ಹಾಕಿ, ಊಟ ಮುಗಿದು, ರಾತ್ರಿ ಹತ್ತರ ಮೇಲೆ ಕಥೆ ಆರಂಭವಾಯಿತು. ಗುರುವಿನ ಸ್ತುತಿ, ಎಪ್ಪತ್ತೇಳು ಮಲೆಯ ವರ್ಣನೆ ಇವೆಲ್ಲ ಬೇಗ ಕಳೆದವು. ನೀಲಯ್ಯ ಭಾಷೆ ಕೇಳುವ ಹೊತ್ತಿಗೆ ಗಾಯಕರು ಕೂತ ಭಂಗಿಯನ್ನೇ ಬದಲಾಯಿಸಿದರು.

ಕಂಸಾಳೆಯ ಬಟ್ಟಲು ಎಡಗೈಯಲ್ಲಿ, ಕುಚ್ಚು ಕಟ್ಟಿದ ಮುಚ್ಚಳ ಬಲಗೈಯಲ್ಲಿ ಇರುತ್ತದೆ ಎಂಬುದನ್ನು ನೋಡಿದವರೆಲ್ಲ ಬಲ್ಲರು. ಗಂಡ ‘ಬಲಗೈ ಕೊಡು’ ಎಂದು ಕೇಳುವ ಸಾಲಿಗೆ ಬಂದಾಗ ಆ ಹಿರಿಯರು ಮುಚ್ಚಳ ಹಿಡಿದ ಬಲಗೈಯನ್ನು ಮುಂದೆ ಚಾಚಿ, ಹೊಡೆಯದೆ, ಹಾಗೆಯೇ ನಿಲ್ಲಿಸಿದರು. ಕುಚ್ಚು ಮಾತ್ರ ತೂಗಾಡುತ್ತಿತ್ತು. ದಮ್ಮಡಿ ಎಂಬ ಚರ್ಮವಾದ್ಯ ನುಡಿಸುವವನು ಬೆರಳ ತುದಿಯಿಂದ ಮೆಲ್ಲಗೆ ತಟ್ಟುತ್ತ ಲಯವನ್ನು ಉಳಿಸಿಕೊಂಡಿದ್ದನೇ ಹೊರತು ಏರಿಸಲಿಲ್ಲ. ಅದೇ ಕೈಯನ್ನು ಹಿಂದಕ್ಕೆಳೆದು ಸೆರಗಿನಂತೆ ಹೆಗಲ ಮೇಲಿನ ಟವಲ್ಲಿನೊಳಗೆ ಮುಚ್ಚಿಕೊಂಡು ಅವರು ಸಂಕಮ್ಮನಾದರು. ಗಂಡನ ಪ್ರಶ್ನೆಗೆ ಒಂದು ಮಟ್ಟು, ಹೆಂಡತಿಯ ಉತ್ತರಕ್ಕೆ ಅದಕ್ಕಿಂತ ಇಳಿದ ಇನ್ನೊಂದು ಮಟ್ಟು. ಹಿಮ್ಮೇಳದವರು ಗಂಡನ ಸೊಲ್ಲಿಗೆ ಮಾತ್ರ ದನಿಗೂಡಿಸಿದರು, ಹೆಂಡತಿಯ ಸೊಲ್ಲನ್ನು ಅವರೊಬ್ಬರೇ ಹಾಡಿದರು. ಊರೆಲ್ಲ ಅವನ ಕಡೆ, ಅವಳ ಕಡೆ ಅವಳೊಬ್ಬಳೇ ಎಂಬುದನ್ನು ಒಂದು ಮಾತಿನ ವಿವರಣೆಯೂ ಇಲ್ಲದೆ ಹೀಗೆ ಕೇಳಿಸಿದ ಮೇಳವನ್ನು ನಾನು ಬೇರೆ ಕಂಡಿಲ್ಲ. ನಟನೆ ಕಲಿಸುವ ಶಾಲೆಗಳಿಂದ ಬಂದ ಉಪಾಯವಲ್ಲ ಇದು, ಗುರುವಿನಿಂದ ಬಂದದ್ದು ಎಂದು ಆಮೇಲೆ ಅವರೇ ಹೇಳಿದರು.

ಮನೆಯ ಹಿರಿಯ ಹೆಂಗಸರು ಕಣ್ಣೊರೆಸಿಕೊಂಡದ್ದು ಹಿಂಸೆಯ ಪ್ರಸಂಗದಲ್ಲಲ್ಲ, ಗಂಡ ಮರಳಿ ಬಂದ ಪ್ರಸಂಗದಲ್ಲಿ. ಅಲ್ಲಿ ಕೇಳುಗರ ಸ್ಥಿತಿಯೇ ವಿಚಿತ್ರವಾದದ್ದು: ಜಂಗಮ ಬಂದದ್ದು, ಫಲ ಕೊಟ್ಟದ್ದು ನಮಗೆಲ್ಲ ಗೊತ್ತು, ನೀಲಯ್ಯನಿಗೆ ಗೊತ್ತಿಲ್ಲ, ಅವನ ಕಣ್ಣಿಗೆ ಕಾಣುವ ಸಾಕ್ಷಿಯೆಲ್ಲ ಅವಳಿಗೆ ವಿರುದ್ಧ. ನಮ್ಮ ಸೋದರತ್ತೆಯವರು ಕೂತಲ್ಲಿಂದಲೇ, “ನಿಜ ಏಳೇ ಸಂಕಮ್ಮ, ಮಾದಪ್ಪ ಬಂದಿದ್ದ ಅಂತ ಏಳೇ” ಎಂದು ಗಟ್ಟಿಯಾಗಿ ಹೇಳಿಯೇಬಿಟ್ಟರು. ಗಾಯಕರು ನಗಲಿಲ್ಲ, ಅತ್ತೆಯವರ ಕಡೆ ತಿರುಗಿ, ಏಳಿದ್ರೆ ನಂಬೋರು ಯಾರವ್ವಾ ಎಂಬ ಅರ್ಥದ ಒಂದು ಸೊಲ್ಲನ್ನು ಅಲ್ಲಿಯೇ ಹೊಸೆದು ಹಾಡಿ ಕಥೆಯನ್ನು ಮುಂದಕ್ಕೆ ಒಯ್ದರು. ಕೇಳುಗರ ಮಾತನ್ನು ಕಥೆಯೊಳಕ್ಕೆ ಎಳೆದುಕೊಳ್ಳುವ ಈ ಚುರುಕು ಧ್ವನಿಮುದ್ರಿಕೆಯಲ್ಲಿ ಸಿಗುವಂಥದ್ದಲ್ಲ, ಮನೆಗೆ ಕರೆಸುವ ಖರ್ಚಿಗೆ ಇದೊಂದೇ ಸಾಕಷ್ಟು ಕಾರಣ.

ದೇವರ ಪಾತ್ರವನ್ನೂ ಈ ಮೇಳ ಬಿಳುಪಾಗಿಸಲಿಲ್ಲ. ಮಾದೇಶ್ವರ ಬಂದದ್ದು ಕರುಣೆಯಿಂದ ಹೌದು, ಒಕ್ಕಲು ಬೇಕೆಂಬ ಹಟದಿಂದಲೂ ಹೌದು. ಕಷ್ಟದಲ್ಲಿರುವವಳಿಂದ ಮಕ್ಕಳ ಮಾತು ತೆಗೆದುಕೊಳ್ಳುವುದರಲ್ಲಿ ಒಂದು ವ್ಯವಹಾರವಿದೆ. ಗಂಡನೂ ಭಾಷೆ ಕೇಳಿದ, ದೇವರೂ ಭಾಷೆ ಕೇಳಿದ. ಒಬ್ಬನಿಗೆ ಇಲ್ಲವೆಂದವಳು ಇನ್ನೊಬ್ಬನಿಗೆ ಏಕೆ ಒಪ್ಪಿದಳೆಂದು ನಮ್ಮ ಮನೆಯ ಹುಡುಗರು ಬೆಳಗಿನ ಕಾಫಿಯ ಹೊತ್ತಿಗೂ ಜಗಳವಾಡುತ್ತಿದ್ದರು. ಭಕ್ತಿಯ ಕಥೆ ಹಾಡುವವರು ಈ ಬಿರುಕನ್ನು ಮುಚ್ಚಿಬಿಡುವುದೇ ವಾಡಿಕೆ, ಇವರು ಅದನ್ನು ತೆರೆದಿಟ್ಟೇ ಉಘೇ ಎಂದರು.

ಇನ್ನು ಕೊರತೆಗಳು. ಸತ್ಯ ಮಾಡುವ ಪ್ರಸಂಗದ ಹೊತ್ತಿಗೆ ನಾಲ್ಕು ಗಂಟೆ ದಾಟಿ ಗಾಯಕರ ದನಿ ಕಟ್ಟಿತ್ತು; ಅಷ್ಟು ಹೊತ್ತು ಕಾದು ಕೂತ ಕಥೆಯ ತುದಿಯನ್ನು ಅವರು ಅರ್ಧ ಹಾಡಿ, ಅರ್ಧ ಮಾತಿನಲ್ಲಿ ಮುಗಿಸಿದರು. ಮಧ್ಯರಾತ್ರಿಯಲ್ಲಿ ಕೇಳುಗರನ್ನು ಎಚ್ಚರವಾಗಿಡಲು ತುರುಕಿದ ಹಾಸ್ಯ ಉದ್ದವಾಯಿತು, ಅದಕ್ಕೆ ಒಂದು ಸಿನಿಮಾ ಹಾಡಿನ ಮಟ್ಟನ್ನು ಅಂಟಿಸಿದ್ದು ನನಗೆ ಸರಿಬೀಳಲಿಲ್ಲ. ಹಾಸ್ಯಕ್ಕೆ ಕೊಟ್ಟ ಹೊತ್ತನ್ನು ಕೊನೆಗೆ ಉಳಿಸಿಕೊಂಡಿದ್ದರೆ ದನಿಯೂ ಉಳಿಯುತ್ತಿತ್ತು. ಹಿಮ್ಮೇಳದ ಒಬ್ಬ ಹುಡುಗ ಫೋನ್ ನೋಡಿಕೊಂಡೇ ಸೊಲ್ಲು ಹಿಡಿಯುತ್ತಿದ್ದ. ಹಿರಿಯರ ಒಂದು ನೋಟಕ್ಕೆ ಫೋನ್ ಜೇಬು ಸೇರಿತು ಎನ್ನುವುದನ್ನೂ ಹೇಳಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು ಮೇಳದ್ದಲ್ಲ, ನಾವು ಬೇರೆಯಾಗಿ ಗೊತ್ತುಮಾಡಿದ್ದ ಸೌಂಡ್ ಸಿಸ್ಟಮ್ಮಿನದು. ಆರ್ಕೆಸ್ಟ್ರಾಗಳಿಗೆ ಹಾಕುವಂತೆ ಎಕೋ ಹಾಕಿ, ಕಂಸಾಳೆಯ ಒಂದು ಹೊಡೆತ ಮೂರಾಗಿ ಕೇಳುವಂತೆ ಮಾಡಿದ್ದರು. ಕಂಚಿನ ನಾದಕ್ಕೆ ತನ್ನದೇ ಆದ ಅನುರಣನ ಇರುತ್ತದೆ. ಅದರ ಮೇಲೆ ಯಂತ್ರದ ಅನುರಣನ ಸೇರಿದರೆ ಮಾತು ಮುಳುಗಿಹೋಗುತ್ತದೆ. ಕಥೆಯಲ್ಲಿ ಮಾತೇ ಮುಖ್ಯವಾದ್ದರಿಂದ, ಮೊದಲ ಒಂದು ಗಂಟೆ ಹಿಂದೆ ಕೂತವರಿಗೆ ಗಂಡ ಏನು ಕೇಳಿದ, ಹೆಂಡತಿ ಏನೆಂದಳು ಎಂಬುದೇ ತಿಳಿಯಲಿಲ್ಲ. ಹಿರಿಯರು ಕೈಸನ್ನೆ ಮಾಡಿ ಎಕೋ ತೆಗೆಸಿದ ಮೇಲೆ ಸರಿಹೋಯಿತು. ಅಂಗಳದಲ್ಲಿ ಐವತ್ತು ಅರವತ್ತು ಜನ ಕೂರುವುದಾದರೆ ಗಾಯಕರಿಗೊಂದು, ಹಿಮ್ಮೇಳಕ್ಕೊಂದು ಮೈಕ್ ಸಾಕು. ಕಂಸಾಳೆಯ ಮುಂದೆ ಬೇರೆ ಮೈಕ್ ಇಡಿಸಲೇಬೇಡಿ.

ಇದೇ ಕಥೆಯನ್ನು ಮೈಸೂರಿನ ಒಂದು ಸಭಾಂಗಣದಲ್ಲಿ, ಸಂಘಟಕರು ಕೊಟ್ಟ ಮುಕ್ಕಾಲು ಗಂಟೆಯ ಅವಧಿಯಲ್ಲಿ, ಬೇರೊಂದು ತಂಡ ಹಾಡಿದ್ದನ್ನೂ ಕೇಳಿದ್ದೇನೆ. ಭಾಷೆ ಕೇಳುವ ಪ್ರಸಂಗ ನಿರೂಪಕರ ಎರಡು ವಾಕ್ಯಗಳಲ್ಲಿ ಮುಗಿದು, ಉಳಿದದ್ದೆಲ್ಲ ಬೀಸು ಕಂಸಾಳೆಯ ಕುಣಿತವಾಗಿತ್ತು. ಬೀಸು ಕಂಸಾಳೆ ಕಣ್ಣಿಗೆ ಹಬ್ಬ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅನುಮಾನ ಬೆಳೆಯುವುದಕ್ಕೆ ಹೊತ್ತು ಬೇಕು. ನೀಲಯ್ಯ ಮೊದಲು ಕಾಡಿನ ಭಯ ಹೇಳುತ್ತಾನೆ, ಆಮೇಲೆ ಹೆಂಡತಿಯ ಚೆಲುವಿನ ಮಾತೆತ್ತುತ್ತಾನೆ, ಆಮೇಲೆ ಊರವರ ಬಾಯಿಯ ನೆಪ ಹೂಡುತ್ತಾನೆ, ಕೊನೆಗಷ್ಟೇ ಭಾಷೆ ಎನ್ನುತ್ತಾನೆ. ಈ ಮೆಟ್ಟಿಲುಗಳನ್ನು ಹಾರಿಸಿದರೆ ಅವನು ಬರಿಯ ರಾಕ್ಷಸನಾಗುತ್ತಾನೆ, ನಮ್ಮ ನಡುವೆಯೇ ಇರುವ ಗಂಡಸಾಗಿ ಉಳಿಯುವುದಿಲ್ಲ. ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು, ಯಾರೂ ‘ನಿಜ ಏಳೇ’ ಎನ್ನಲಿಲ್ಲ.

ಕರೆಸಬೇಕೆಂದಿರುವವರಿಗೆ ಉಪಯೋಗವಾಗಬಹುದಾದ ಕೆಲವು ಮಾತು. ಸಂಭಾವನೆಯನ್ನು ಜನದ ಲೆಕ್ಕದಲ್ಲಲ್ಲ, ರಾತ್ರಿಯ ಲೆಕ್ಕದಲ್ಲಿ ಮಾತನಾಡಿಕೊಳ್ಳಬೇಕು. ಬಂದು ಹೋಗುವ ವಾಹನದ ಖರ್ಚು ಬೇರೆ. ಕಥೆಯ ನಡುವೆ ತಟ್ಟೆಗೆ ಬೀಳುವ ಕಾಣಿಕೆ ಮೇಳದ್ದೇ, ಅದನ್ನು ಸಂಭಾವನೆಗೆ ವಜಾ ಮಾಡಿಕೊಳ್ಳುವ ಯೋಚನೆ ಬೇಡ. ಪರದ ದಿನ ಮನೆಯಲ್ಲಿ ಬಾಡಿನ ಅಡುಗೆ ಇರಕೂಡದು ಎಂಬುದನ್ನು ನೆಂಟರಿಗೆ ಮುಂಚೆಯೇ ತಿಳಿಸಿಡಿ. ಗಾಯಕರಿಗೆ ನಡುರಾತ್ರಿ ಬಿಸಿನೀರು, ಕಾಫಿ ಕೊಡುವ ಜವಾಬ್ದಾರಿಯನ್ನು ಎಚ್ಚರವಾಗಿರುವ ಒಬ್ಬರಿಗೆ ವಹಿಸಿ. ನಮ್ಮಲ್ಲಿ ಅದು ಆಗದೆ, ಎರಡು ಗಂಟೆಯ ಮೇಲೆ ಕಾಫಿ ತಪ್ಪಿದ್ದಕ್ಕೂ ದನಿ ಕಟ್ಟಿದ್ದಕ್ಕೂ ಸಂಬಂಧವಿದ್ದಿರಬಹುದು. ಮುಖ್ಯವಾಗಿ, ಹಾಸ್ಯ ಎಷ್ಟಿರಬೇಕು, ಸಿನಿಮಾ ಮಟ್ಟು ಬೇಕೇ ಬೇಡವೇ ಎಂಬುದನ್ನು ವೀಳ್ಯ ಕೊಡುವಾಗಲೇ ಹೇಳಿಬಿಡಿ. ಕೇಳಿದರೆ ಬೇಸರಪಟ್ಟುಕೊಳ್ಳುವ ಜನ ಅವರಲ್ಲ. ನಾವು ಕೇಳಿರಲಿಲ್ಲ, ಅಷ್ಟೇ.

ದಿನ ಗೊತ್ತುಮಾಡುವಾಗ ಮಾದೇಶ್ವರನ ಬೆಟ್ಟದ ಜಾತ್ರೆಗಳನ್ನು ನೋಡಿಕೊಳ್ಳಬೇಕು. ಮಹಾಲಯ ಅಮಾವಾಸ್ಯೆ, ದೀಪಾವಳಿ, ಶಿವರಾತ್ರಿ, ಯುಗಾದಿಯ ಸುತ್ತಮುತ್ತ ದೇವರಗುಡ್ಡರು ಮಲೆಯಲ್ಲಿರುತ್ತಾರೆ, ಎಷ್ಟು ಕೊಟ್ಟರೂ ಬರುವುದಿಲ್ಲ. ಮುಂದಿನ ಪರಕ್ಕೆ ಜುಂಜೇಗೌಡನ ಸಾಲನ್ನು ಹಾಡಬೇಕೆಂದು ನಾವು ಇದೇ ಮೇಳವನ್ನು ಕೇಳಿದ್ದೇವೆ; ದೀಪಾವಳಿ ಜಾತ್ರೆ ಮುಗಿಸಿಕೊಂಡು ಇಳಿದ ಮೇಲೆ ದಿನ ಹೇಳುವುದಾಗಿ ಹಿರಿಯರು ತಿಳಿಸಿದ್ದಾರೆ.