ಮಧುರೈಯಿಂದ ರಾಮೇಶ್ವರಂ, ಧನುಷ್ಕೋಡಿ: ಬಾಡಿಗೆ ಗಾಡಿ ಹೇಗಿತ್ತು, ಡ್ರೈವರ್ ಹೇಗಿದ್ರು

ಮಧುರೈಲಿ ಗಾಡಿ ಬಾಡಿಗೆಗೆ ತಗೊಂಡು ರಾಮೇಶ್ವರಂ, ಧನುಷ್ಕೋಡಿ ನೋಡ್ಕೊಂಡು ವಾಪಸ್ ಬಂದು ಮಧುರೈ ಸುತ್ತೋ ಪ್ಲಾನ್ ಇರೋರಿಗೆ ಈ ರಿವ್ಯೂ. ಗಾಡಿಗೆ ಮೂರು ಸ್ಟಾರ್, ಡ್ರೈವರ್ ಅಣ್ಣಂಗೆ ಐದಕ್ಕೆ ಐದು. ಈ ರೂಟಲ್ಲಿ ಯಾವ ಜಾಗಕ್ಕೆ ಎಷ್ಟು ಹೊತ್ತಿಗೆ ಹೋಗ್ಬೇಕು ಅನ್ನೋದೇ ಮುಖ್ಯ, ಅದು ಗೊತ್ತಿರೋರು ಸಿಕ್ಕಿದ್ರೆ ಅರ್ಧ ಟ್ರಿಪ್ ಗೆದ್ದಂಗೆ.

ಬೆಂಗಳೂರಿಂದಲೇ ಟ್ಯಾಕ್ಸಿ ಮಾಡೋ ಬದ್ಲು ರಾತ್ರಿ ರೈಲಲ್ಲಿ ಮಲ್ಕೊಂಡು ಹೋಗಿ ಮಧುರೈಲಿ ಗಾಡಿ ಹತ್ತೋದು ಒಳ್ಳೇದು, ಮಕ್ಕಳಿಗೂ ವಯಸ್ಸಾದೋರಿಗೂ ಆಯಾಸ ಆಗಲ್ಲ, ಸುಮ್ನೆ ಹೈವೇ ಕಿಲೋಮೀಟರಿಗೆ ದುಡ್ಡು ಕಟ್ಟೋದೂ ತಪ್ಪುತ್ತೆ. ಮಧುರೈಯಿಂದ ರಾಮೇಶ್ವರಂಗೆ ಸುಮಾರು 170 ಕಿಮೀ. ರಾಮನಾಥಪುರ ದಾಟೋವರೆಗೂ ದಾರೀಲಿ ಹೇಳ್ಕೊಳ್ಳೋ ಅಂಥದ್ದೇನಿಲ್ಲ, ಜಾಲಿಮರ, ಬಿಸಿಲು ಅಷ್ಟೇ.

ಆಮೇಲೆ ಸಮುದ್ರ ದಾಟಿ ರಾಮೇಶ್ವರಂ ದ್ವೀಪಕ್ಕೆ ಹೋಗೋ ಪಾಂಬನ್ ಬರುತ್ತೆ ನೋಡಿ! ನಾವು ಹೋಗೋದು 1988ರಲ್ಲಿ ಶುರುವಾದ ರಸ್ತೆ ಸೇತುವೆ ಮೇಲೆ, ನಾವು ಹೋದಾಗ ಪಕ್ಕದಲ್ಲೇ ಕೆಳಗೆ 1914ರ ಹಳೇ ರೈಲ್ವೆ ಸೇತುವೆ ಇತ್ತು, ಅದರ ಜೊತೆಗೆ 2025ರ ಏಪ್ರಿಲ್‌ನಲ್ಲಿ ಉದ್ಘಾಟನೆ ಆದ ಹೊಸದು. ಹಡಗು ಬಂದಾಗ ಹೊಸ ಸೇತುವೆಯ ನಡುವಿನ ಭಾಗ ಲಿಫ್ಟ್ ಥರ ನೆಟ್ಟಗೆ ಮೇಲಕ್ಕೆ ಹೋಗುತ್ತೆ, ಹಳೇದರಲ್ಲಿ ಎರಡು ಕಡೆಯಿಂದ ಬಾಗಿಲು ತೆರೆದಂಗೆ ಮೇಲಕ್ಕೇಳ್ತಿತ್ತು. ಸೇತುವೆ ಮಧ್ಯದಲ್ಲಿ ಎಲ್ಲರೂ ಗಾಡಿ ನಿಲ್ಸಿ ಫೋಟೋ ತೆಗೀತಾರೆ, ನಮ್ಮ ಅಣ್ಣ ನಿಲ್ಲಿಸಲ್ಲ ಅಂದ್ಬಿಟ್ರು, ಬದಲಿಗೆ ಸ್ಪೀಡ್ ಕಮ್ಮಿ ಮಾಡಿ ಎಡಗಡೆ ಕಿಟಕಿ ಇಳ್ಸಿ ನೋಡ್ಕೊಳಿ ಅಂದ್ರು. ಅದೇ ಸರಿ ಅನ್ನಿಸ್ತು ನಂಗೆ.

ರಾಮನಾಥಸ್ವಾಮಿ ದೇವಸ್ಥಾನದಲ್ಲಿ 22 ತೀರ್ಥಗಳ ಸ್ನಾನ ಮಾಡೋರು ಗಮನಿಸಿ. ಮೊದಲು ಅಗ್ನಿತೀರ್ಥ ಅಂತ ಕರೆಯೋ ಸಮುದ್ರದಲ್ಲಿ ಮುಳುಗಿ, ಅದೇ ಒದ್ದೆ ಬಟ್ಟೇಲಿ ಒಳಗೆ ಬಾವಿಯಿಂದ ಬಾವಿಗೆ ಹೋಗ್ಬೇಕು, ಬಾವಿ ಕಟ್ಟೆ ಮೇಲೆ ನಿಂತಿರೋರು ಹಗ್ಗ ಕಟ್ಟಿದ ಪುಟ್ಟ ಬಕೆಟ್ ಇಳ್ಸಿ ಸರ್ರಂತ ಎಳ್ದು ತಲೆ ಮೇಲೆ ಸುರೀತಾರೆ. ಆದ್ರೆ ದೇವರ ದರ್ಶನಕ್ಕೆ ಒಣ ಬಟ್ಟೆ ಹಾಕ್ಕೊಂಡು ಹೋಗ್ಬೇಕು. ಇದನ್ನ ಅಣ್ಣ ಹಿಂದಿನ ರಾತ್ರಿನೇ ಹೇಳಿದ್ರು, ಒಬ್ಬೊಬ್ರಿಗೂ ಒಂದೊಂದು ಕವರಲ್ಲಿ ಬೇರೆ ಬೇರೆ ಬಟ್ಟೆ ಇಟ್ಕೊಳಿ ಅಂತ. ನಾವು ವಾಪಸ್ ಬರೋಷ್ಟರಲ್ಲಿ ಸೀಟಿಗೆಲ್ಲ ಪ್ಲಾಸ್ಟಿಕ್ ಶೀಟ್ ಹಾಸಿದ್ರು, ಒದ್ದೆ ಬಟ್ಟೆಗೆ ಡಿಕ್ಕೀಲಿ ಒಂದು ಖಾಲಿ ಬಕೆಟ್ಟೂ ಇತ್ತು. ಇಂಥ ಸರ್ವಿಸ್‌ಗೆ ದುಡ್ಡು ಕೊಡೋಕೆ ಖುಷಿ ಆಗುತ್ತೆ.

ಧನುಷ್ಕೋಡಿಗೆ ಬೆಳಗ್ಗೆ ಬೇಗ ಹೋಗಿ, ಪ್ಲೀಸ್. ಮಧ್ಯಾಹ್ನ ಅಲ್ಲಿ ನೆರಳೇ ಇಲ್ಲ, ಸಂಜೆ ಆದ್ರೆ ಚೆಕ್‌ಪೋಸ್ಟಲ್ಲಿ ಒಳಗೆ ಬಿಡಲ್ಲ. ಎರಡೂ ಕಡೆ ಸಮುದ್ರ, ಮಧ್ಯೆ ನೇರವಾದ ಟಾರ್ ರಸ್ತೆ, ಹೋಗ್ತಾ ಎಡಗಡೆ ನೀರು ಕೆರೆ ಥರ ಸುಮ್ನಿರುತ್ತೆ, ಬಲಗಡೆ ಮನ್ನಾರ್ ಕೊಲ್ಲಿ ಕಡೆ ಅಲೆಗಳ ಅಬ್ಬರ. 1964ರ ಡಿಸೆಂಬರ್ ಚಂಡಮಾರುತದಲ್ಲಿ ಇಡೀ ಊರು ಹೋಯ್ತು, ಪಾಂಬನ್‌ನಿಂದ ಬರ್ತಿದ್ದ ರೈಲು ಪ್ರಯಾಣಿಕರ ಸಮೇತ ಕೊಚ್ಕೊಂಡು ಹೋಯ್ತು. ಚರ್ಚಿನ ಗೋಡೆ ಇನ್ನೂ ನಿಂತಿದೆ, ಹತ್ತಿರ ಹೋಗಿ ನೋಡಿದ್ರೆ ಇಟ್ಟಿಗೆ ಬದಲು ಹವಳದ ಕಲ್ಲು, ತುಂಬಾ ತೂತು, ಕೈಯಿಟ್ರೆ ಪುಡಿ ಉದುರುತ್ತೆ, ಹಾಗಾಗಿ ಮುಟ್ಟಬೇಡಿ, ಹತ್ತಬೇಡಿ. ಜನ ಅಲ್ಲಿ ರೀಲ್ಸ್ ಮಾಡೋಕೆ ಗೋಡೆ ಹತ್ತೋದು ನೋಡಿ ತುಂಬಾ ಬೇಜಾರಾಯ್ತು, ಜನ ಸತ್ತಿರೋ ಜಾಗ ಅದು. ಕೊನೇಲಿರೋ ಅರಿಚಲ್‌ಮುನೈಲಿ ನೀರಿಗೆ ಇಳೀಬೇಡಿ, ಸೆಳೆತ ಜೋರು.

ವಾಪಸ್ ಬರ್ತಾ ಪೇಕರುಂಬಲ್ಲಿರೋ ಕಲಾಂ ಸ್ಮಾರಕ ನೋಡಿ, ಮಕ್ಕಳಿದ್ರಂತೂ ಬಿಡ್ಲೇಬೇಡಿ.

ಮಧುರೈಲಿ ಮೀನಾಕ್ಷಿ ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕುತ್ತೆ, ಮೊಬೈಲ್ ಒಳಗೆ ಬಿಡಲ್ಲ. ಸುತ್ತಲಿನ ಚಿತ್ತಿರೈ ಬೀದಿಗಳಿಗೆ ಗಾಡಿ ಹೋಗಲ್ಲ, ನಡೀಬೇಕು, ವಯಸ್ಸಾದೋರು ಜೊತೆಗಿದ್ರೆ ಅದಕ್ಕೆ ತಯಾರಾಗಿರಿ. ಆ ಮಧ್ಯಾಹ್ನದ ಹೊತ್ತಲ್ಲಿ ಅಣ್ಣ ನಮ್ಮನ್ನ 1636ರ ತಿರುಮಲೈ ನಾಯಕರ ಅರಮನೆಗೆ ಕರ್ಕೊಂಡು ಹೋದ್ರು. ಈಗ ಉಳಿದಿರೋದು ಮೂಲ ಅರಮನೆಯ ಕಾಲು ಭಾಗ ಅಂತಾರೆ, ಆದ್ರೂ ಆ ಕಂಬಗಳ ಕೆಳಗೆ ನಿಂತ್ರೆ ಕುತ್ತಿಗೆ ಎತ್ತಿ ಎತ್ತಿ ನೋಡ್ಬೇಕು. ಆಮೇಲೆ ಗಾಂಧಿ ಮ್ಯೂಸಿಯಂ. 1921ರಲ್ಲಿ ಗಾಂಧೀಜಿ ತುಂಡು ಪಂಚೆ ಉಡೋಕೆ ಶುರು ಮಾಡಿದ್ದು ಇದೇ ಊರಲ್ಲಿ, ಅವರ ರಕ್ತದ ಕಲೆ ಇರೋ ಬಟ್ಟೆ ಮ್ಯೂಸಿಯಂನಲ್ಲಿದೆ. ಅದರ ಮುಂದೆ ನಮ್ಮಲ್ಲಿ ಯಾರೂ ಮಾತಾಡ್ಲಿಲ್ಲ.

ಗಾಡಿಗೆ ಎರಡು ಸ್ಟಾರ್ ಕಟ್ ಮಾಡಿದ್ದು ಟ್ರಾವೆಲ್ಸ್‌ನೋರಿಂದ. ಹೇಳಿದ ಮಾಡೆಲ್ ಒಂದು, ಕಳ್ಸಿದ್ದು ಹಳೇದು, ಹಿಂದಿನ ಸೀಟಿಗೆ ಎಸಿ ಗಾಳಿನೇ ಬರ್ತಿರ್ಲಿಲ್ಲ, ಬಿಲ್ಲಲ್ಲಿ ಒಂದು ಪಾರ್ಕಿಂಗ್ ಎರಡು ಸಲ ಸೇರಿತ್ತು, ಅಣ್ಣಾನೇ ಫೋನ್ ಮಾಡಿ ತೆಗೆಸಿದ್ರು. ನೀವು ಬುಕ್ ಮಾಡೋವಾಗ ಯಾವ ಗಾಡಿ, ದಿನಕ್ಕೆ ಮಿನಿಮಮ್ ಎಷ್ಟು ಕಿಮೀ, ಮೀಟರ್ ಎಲ್ಲಿಂದ ಶುರು, ಡ್ರೈವರ್ ಬಾಟಾ, ಟೋಲು ಸೇರಿದ್ಯಾ ಇಲ್ವಾ ಅಂತೆಲ್ಲ ವಾಟ್ಸಾಪಲ್ಲಿ ಬರೆಸ್ಕೊಳ್ಳಿ. ರಾಮೇಶ್ವರಂ, ಧನುಷ್ಕೋಡಿ ಚೆನ್ನಾಗಿ ಗೊತ್ತಿರೋ ಡ್ರೈವರೇ ಬೇಕು ಅಂತ ಮೊದಲೇ ಕೇಳಿ, ಗಾಡಿ ಸ್ವಲ್ಪ ಹಳೇದಾದ್ರೂ ಪರ್ವಾಗಿಲ್ಲ.