14 ಇಂಚಿನ ಬ್ಯಾಂಡ್‌ಸಾ, ಒಂದು ವರ್ಷದ ನಂತರ: ಯಂತ್ರ ಒಳ್ಳೆಯದು, ಸೆಟ್ಟಿಂಗ್ ನಿಮ್ಮ ಕೆಲಸ

ಈ ಬ್ಯಾಂಡ್‌ಸಾ, ಅಂದರೆ ಮೇಲೆ ಕೆಳಗೆ ಎರಡು ಚಕ್ರಗಳ ಮೇಲೆ ಪಟ್ಟಿಯಂಥ ಬ್ಲೇಡ್ ಸುತ್ತುವ ಗರಗಸ, ತಗೊಂಡು ಒಂದು ವರ್ಷದ ಮೇಲಾಯಿತು. ವಾರಕ್ಕೆ ಮೂರು ನಾಲ್ಕು ದಿನ ಓಡಿಸುತ್ತೇನೆ. ಮೋಟಾರ್ ಗಟ್ಟಿ, ಬೀಡು ಕಬ್ಬಿಣದ ಟೇಬಲ್ ಸಮತಟ್ಟಾಗಿದೆ, ಫ್ರೇಮ್ ಅಲುಗಾಡುವುದಿಲ್ಲ. ಆದರೆ ಬಾಕ್ಸ್‌ನಿಂದ ತೆಗೆದು ಪ್ಲಗ್ ಹಾಕಿ ಮರ ಕೊಯ್ಯಬಹುದು ಅಂದುಕೊಂಡರೆ ತಪ್ಪು. ನಾನು ಹಾಗೇ ಮಾಡಿದೆ.

ಮೊದಲು ಒಂದು ವಿಷಯ. 14 ಇಂಚು ಅನ್ನುವುದು ಚಕ್ರದ ಅಳತೆ, ಕೊಯ್ಯುವ ಎತ್ತರ ಅಲ್ಲ. ಇದರಲ್ಲಿ 6 ಇಂಚು ಎತ್ತರದ ಮರ ಹಿಡಿಯುತ್ತದೆ. ಅದಕ್ಕಿಂತ ದಪ್ಪದ ದಿಮ್ಮಿ ಸೀಳಬೇಕು ಅನ್ನುವವರು ಕೊಳ್ಳುವ ಮುಂಚೆಯೇ ಯೋಚಿಸಿ.

ಮೊದಲ ದಿನ ಐದು ಇಂಚು ಅಗಲದ ಹಲಗೆಯನ್ನು ನಿಲ್ಲಿಸಿ ಎರಡಾಗಿ ಸೀಳಿದೆ. ಮೇಲೆ ನೋಡಿದರೆ ಗೆರೆ ನೇರ. ಎರಡು ಹೋಳು ಬಿಡಿಸಿದರೆ ಒಂದಕ್ಕೆ ನಡುವೆ ಹೊಟ್ಟೆ ಬಂದಿದೆ, ಇನ್ನೊಂದು ಅಷ್ಟೇ ತಗ್ಗಾಗಿದೆ. ಬ್ಲೇಡ್ ಒಳಗೊಳಗೇ ಬಾಗಿ ಹೋಗಿತ್ತು. ಕವರ್ ತೆಗೆದು ನೋಡಿದಾಗ ಕಾರಣ ಗೊತ್ತಾಯಿತು: ಬ್ಲೇಡಿನ ಬಿಗಿತ ಸಾಲದು, ಕೆಳಗಿನ ಗೈಡ್ (ಬ್ಲೇಡ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಭಾಗ) ಒಂದು ಕಡೆ ಹಲ್ಲಿಗೇ ಒತ್ತಿಕೊಂಡಿದೆ, ಟೇಬಲ್ಲಿನ ಓರೆ ತೋರಿಸುವ ಮುಳ್ಳು ಸೊನ್ನೆ ತೋರಿಸುತ್ತಿದ್ದರೂ ಮೂಲೆಮಟ್ಟ ಇಟ್ಟರೆ ಬ್ಲೇಡಿನ ಪಕ್ಕ ಬೆಳಕು ಕಾಣುತ್ತಿದೆ. ಜೊತೆಗೆ ಕೊಟ್ಟ ಪುಸ್ತಕದಲ್ಲಿ ಇದಕ್ಕೆಲ್ಲ ಸೇರಿ ಒಂದೇ ಪ್ಯಾರಾ. ಇಷ್ಟು ದೊಡ್ಡ ಯಂತ್ರ ಮಾರುವವರು ಇದನ್ನು ಸರಿಯಾಗಿ ಬರೆದುಕೊಡಬೇಕಿತ್ತು, ಅದರ ಬಗ್ಗೆ ನನಗೆ ಇನ್ನೂ ಬೇಜಾರಿದೆ.

ಈಗ ನಾನು ಮಾಡುವ ರೀತಿ ಹೇಳುತ್ತೇನೆ. ಪ್ಲಗ್ ಕಿತ್ತು ಕಣ್ಣಿಗೆ ಕಾಣುವಂತೆ ಟೇಬಲ್ ಮೇಲೇ ಇಡುತ್ತೇನೆ. ಮೇಲಿನ ಕೆಳಗಿನ ಗೈಡ್‌ಗಳನ್ನು, ಬ್ಲೇಡಿನ ಬೆನ್ನ ಹಿಂದಿರುವ ಬೇರಿಂಗನ್ನು ಪೂರ್ತಿ ಹಿಂದೆ ಸರಿಸುತ್ತೇನೆ. ಇದನ್ನು ಬಿಟ್ಟರೆ ಗೈಡ್ ಬ್ಲೇಡನ್ನು ತಳ್ಳುತ್ತಿರುತ್ತದೆ, ನಾವು ಚಕ್ರದ್ದೇ ತಪ್ಪು ಅಂತ ತಿಳಿದು ಅದನ್ನು ತಿರುಚುತ್ತಾ ಕೂರುತ್ತೇವೆ. ಬ್ಲೇಡ್ ಹಾಕುವಾಗ ಹಲ್ಲು ನಮ್ಮ ಕಡೆಗೆ, ತುದಿ ಕೆಳಗೆ. ತುದಿ ಮೇಲಕ್ಕೆ ನೋಡುತ್ತಿದ್ದರೆ ಬ್ಲೇಡನ್ನು ಒಳಮೈ ಹೊರಗೆ ಬರುವಂತೆ ಮಗುಚಿ ಹಾಕಬೇಕು. ಹೊಸ ಬ್ಲೇಡ್ ಸುರುಳಿ ಬಿಚ್ಚುವಾಗ ಕೈಗವಸು, ಕನ್ನಡಕ ಎರಡೂ ಬೇಕು, ಅದು ಸ್ಪ್ರಿಂಗಿನ ಹಾಗೆ ಚಿಮ್ಮುತ್ತದೆ. ಯಂತ್ರ ಓಡುವಾಗ ಮಾತ್ರ ಕೈಗವಸು ಬೇಡವೇ ಬೇಡ. ಬಟ್ಟೆ ಹಲ್ಲಿಗೆ ಸಿಕ್ಕರೆ ಕೈಯನ್ನೂ ಎಳೆದುಕೊಂಡು ಹೋಗುತ್ತದೆ. ಉಂಗುರ, ಸಡಿಲ ತೋಳು ಕೂಡ ಹಾಗೇ.

ಬಿಗಿತಕ್ಕೆ ಯಂತ್ರದ ಮೇಲಿನ ಗೆರೆಗಳನ್ನು ನಾನು ನಂಬುವುದಿಲ್ಲ. ಗೈಡನ್ನು 6 ಇಂಚು ಮೇಲೆತ್ತಿ ಬ್ಲೇಡಿನ ಪಕ್ಕಕ್ಕೆ ಬೆರಳ ತುದಿ ಬೆಳ್ಳಗಾಗುವಷ್ಟು ಒತ್ತಿದಾಗ ಸುಮಾರು 6 ಮಿಲಿಮೀಟರ್‌ಗಿಂತ ಜಾಸ್ತಿ ಬಾಗಬಾರದು. ಆಮೇಲೆ ಮೇಲಿನ ಚಕ್ರವನ್ನು ಕೈಯಲ್ಲೇ ನಿಧಾನ ತಿರುಗಿಸುತ್ತೇನೆ. ಬ್ಲೇಡ್ ಟೈರಿನ (ಚಕ್ರದ ಸುತ್ತ ಇರುವ ರಬ್ಬರ್ ಪಟ್ಟಿ) ಮೇಲೆ ಹಿಂದಕ್ಕೋ ಮುಂದಕ್ಕೋ ನಡೆಯುವುದು ಕಣ್ಣಿಗೇ ಕಾಣುತ್ತದೆ. ಹಿಂದಿನ ತಿರುಪನ್ನು ಕಾಲು ಸುತ್ತು ತಿರುಗಿಸಿದರೆ ಚಕ್ರ ಸ್ವಲ್ಪ ವಾಲಿ ಬ್ಲೇಡ್ ಮೆಲ್ಲಗೆ ನಡುವಿಗೆ ಬಂದು ನಿಲ್ಲುತ್ತದೆ. ಅದನ್ನು ನೋಡುವುದೇ ನನಗೆ ಈ ಕೆಲಸದಲ್ಲಿ ಜಾಸ್ತಿ ಇಷ್ಟ.

ಗೈಡ್ ಕೊನೆಗೆ. ಒಂದು ತೆಳು ಕಾಗದ ಬ್ಲೇಡಿಗೂ ಪಕ್ಕದ ಗೈಡಿಗೂ ನಡುವೆ ಇಟ್ಟು, ಗೈಡ್ ತಂದು ಬಿಗಿ ಮಾಡಿ, ಕಾಗದ ಎಳೆದರೆ ಸರಕ್ಕನೆ ಬರಬೇಕು. ಅಷ್ಟೇ ಸಂದು ಸಾಕು. ಗೈಡಿನ ಮುಂಭಾಗ ಹಲ್ಲಿನ ಬುಡಕ್ಕಿಂತ ಒಂದು ಮಿಲಿಮೀಟರಿನಷ್ಟು ಹಿಂದಿರಲಿ, ಇಲ್ಲದಿದ್ದರೆ ಹಲ್ಲಿನ ಮೊನೆ ಹಾಳು. ಬೆನ್ನಿನ ಬೇರಿಂಗ್ ಮತ್ತು ಬ್ಲೇಡಿನ ನಡುವೆ ಅರ್ಧ ಮಿಲಿಮೀಟರ್‌ಗಿಂತ ಕಡಿಮೆ ಸಂದು. ಸುಮ್ನೆ ಓಡುವಾಗ ಆ ಬೇರಿಂಗ್ ತಿರುಗಬಾರದು, ಮರ ತಳ್ಳಿದಾಗ ಮಾತ್ರ ತಿರುಗಬೇಕು.

ಇಷ್ಟು ಮಾಡಿ, ಅರ್ಧ ಇಂಚು ಅಗಲದ, ಇಂಚಿಗೆ 3 ಹಲ್ಲಿನ ಬ್ಲೇಡ್ ಹಾಕಿದ ಮೇಲೆ ಅದೇ ಮರದಿಂದ ತೆಳು ಪದರ ತೆಗೆದೆ. ಈ ಸಲ ಹೊಟ್ಟೆ ಇಲ್ಲ. ಬಾಗು ಕೊಯ್ಯಲು ಕಾಲು ಇಂಚಿನ ಬ್ಲೇಡ್ ಇಟ್ಟುಕೊಂಡಿದ್ದೇನೆ, ಅದು ಸುಮಾರು 16 ಮಿಲಿಮೀಟರ್ ತ್ರಿಜ್ಯದವರೆಗೆ ತಿರುಗುತ್ತದೆ. ಅದಕ್ಕಿಂತ ಬಿಗಿಯಾದ ತಿರುವಿದ್ದರೆ ಮೊದಲೇ ಅಡ್ಡಕ್ಕೆ ಸಣ್ಣ ಸಣ್ಣ ಕಚ್ಚು ಹಾಕಿಕೊಳ್ಳಿ. ತಿರುವಿನ ನಡುವೆ ಸಿಕ್ಕಿಕೊಂಡರೆ ಓಡುವ ಬ್ಲೇಡಿನಿಂದ ಮರವನ್ನು ಹಿಂದಕ್ಕೆ ಎಳೆಯಬೇಡಿ, ಬ್ಲೇಡ್ ಚಕ್ರದಿಂದಲೇ ಕಳಚಿ ಬರಬಹುದು. ಆಫ್ ಮಾಡಿ, ನಿಲ್ಲಲಿ, ಆಮೇಲೆ ತೆಗೆಯಿರಿ.

ಇನ್ನು ನಾನು ಹೆದರಿದ ದಿನದ ಬಗ್ಗೆ. ಬ್ಯಾಂಡ್‌ಸಾ ಮರವನ್ನು ಟೇಬಲ್ಲಿಗೆ ಒತ್ತಿ ಕೊಯ್ಯುತ್ತದೆ, ದುಂಡು ಗರಗಸದ ಹಾಗೆ ಮರವನ್ನು ನಮ್ಮ ಕಡೆ ಎಸೆಯುವುದಿಲ್ಲ. ಅದಕ್ಕೇ ಧೈರ್ಯ ಜಾಸ್ತಿ ಬಂದುಬಿಡುತ್ತದೆ. ಒಂದು ದಿನ ಒಂದು ದುಂಡು ಕೋಲನ್ನು ಎರಡು ಕೈಯಲ್ಲಿ ಹಿಡಿದು ಅಡ್ಡಕ್ಕೆ ಕೊಯ್ಯಲು ಹೋದೆ. ಹಲ್ಲು ಮೊದಲು ತಾಗುವುದು ಕೋಲಿನ ಮುಂದಿನ ಅಂಚಿಗೆ, ಅಲ್ಲಿ ಕೆಳಗೆ ಆಸರೆಯೇ ಇಲ್ಲ. ಬ್ಲೇಡ್ ಕೆಳಕ್ಕೆ ಎಳೆಯಿತು, ಕೋಲು ಗಿರ್ರನೆ ಉರುಳಿತು, ಹೆಬ್ಬೆರಳು ಅದರ ಜೊತೆಗೇ ಮುಂದಕ್ಕೆ ಹೋಯಿತು. ಢಬ್ ಅಂತ ಸದ್ದಾಗಿ ಬ್ಲೇಡ್ ಕಳಚಿತು. ಬೆರಳಿಗೂ ಹಲ್ಲಿಗೂ ಎರಡು ಬೆರಳಿನಷ್ಟು ದೂರ ಉಳಿದಿತ್ತು. ಗೈಡ್ ಬೇರೆ ತುಂಬ ಮೇಲಿತ್ತು, ಕೋಲಿನ ಮೇಲೆ ಬಹಳಷ್ಟು ಬ್ಲೇಡ್ ತೆರೆದೇ ಇತ್ತು. ಅವತ್ತು ಸಂಜೆಯೇ ಒಂದು ತುಂಡು ಮರಕ್ಕೆ ವಿ ಆಕಾರದ ಕಚ್ಚು ಹಾಕಿ ದುಂಡು ಮರಕ್ಕೆ ತೊಟ್ಟಿಲು ಮಾಡಿಕೊಂಡೆ. ಈಗ ಪ್ರತಿ ಸಲ ಗೈಡನ್ನು ಮರಕ್ಕಿಂತ ಸುಮಾರು 6 ಮಿಲಿಮೀಟರ್ ಮಾತ್ರ ಮೇಲಿರುವಂತೆ ಇಳಿಸುತ್ತೇನೆ, ಕೈ ಯಾವತ್ತೂ ಬ್ಲೇಡಿನ ನೇರಕ್ಕೆ ಇರುವುದಿಲ್ಲ, ಕೊನೆಯ ಭಾಗ ತಳ್ಳಲು ಕೋಲೇ.

ಈ ಯಂತ್ರದ ದೊಡ್ಡ ಕೊರತೆ ಬ್ರೇಕ್ ಇಲ್ಲದಿರುವುದು. ಇಂಥ ಯಂತ್ರಗಳಲ್ಲಿ ಬ್ಲೇಡ್ ಸೆಕೆಂಡಿಗೆ ಸುಮಾರು 15 ಮೀಟರ್ ಓಡುತ್ತದೆ. ಸ್ವಿಚ್ ಆಫ್ ಮಾಡಿದರೆ ಮೋಟಾರಿನ ಸದ್ದು ನಿಲ್ಲುತ್ತದೆ, ಬ್ಲೇಡ್ ಮಾತ್ರ ಸದ್ದಿಲ್ಲದೆ ಸುತ್ತುತ್ತಲೇ ಇರುತ್ತದೆ. ಹಲ್ಲು ಕಾಣದೆ ನುಣ್ಣಗಿನ ಪಟ್ಟಿಯಂತೆ ಇರುವುದರಿಂದ ನಿಂತೇ ಇದೆ ಅನಿಸುತ್ತದೆ, ಅಲ್ವಾ? ತುಂಡು ಎತ್ತಿಕೊಳ್ಳಲು ಕೈ ತಾನಾಗೇ ಮುಂದೆ ಹೋಗುತ್ತದೆ. ಮನೆಯವರಿಗೆ, ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ತೋರಿಸುವುದೇ ಇದನ್ನು. ಹಲ್ಲು ಒಂದೊಂದಾಗಿ ಕಾಣುವ ತನಕ ಕೈ ಹಿಂದೆ.

ಫೆನ್ಸ್ (ಮರವನ್ನು ನೇರವಾಗಿ ತಳ್ಳಲು ಆನಿಸುವ ಪಟ್ಟಿ) ಪರವಾಗಿಲ್ಲ, ಗಿಡ್ಡ ಅಷ್ಟೇ. ಧೂಳು ಎಳೆಯುವ ಕೊಳವೆ ಇದ್ದರೂ ಕೆಳಗಿನ ಟೈರಿಗೆ ಹೊಟ್ಟು ಮೆತ್ತಿಕೊಂಡು ಬ್ಲೇಡ್ ಜಾಗ ಬಿಡುತ್ತಿತ್ತು. ಒಂದು ಹಳೆ ಬ್ರಷ್ ಕಟ್ಟಿದೆ, ಸರಿಹೋಯಿತು. ಓಡುವಾಗ ಟಿಕ್ ಟಿಕ್ ಸದ್ದು ಹೊಸದಾಗಿ ಶುರುವಾದರೆ ಕೂಡಲೇ ನಿಲ್ಲಿಸಿ, ಬ್ಲೇಡ್ ಬಿರುಕು ಬಿಡುತ್ತಿರಬಹುದು. ಬೆಸುಗೆಯ ಜಾಗವನ್ನೂ ನೋಡಿ.

ಸೆಟ್ ಮಾಡಿದ ಮೇಲೆ 5ಕ್ಕೆ 4 ಕೊಡುತ್ತೇನೆ, ಬಾಕ್ಸ್‌ನಿಂದ ಬಂದ ಸ್ಥಿತಿಗೆ 2. ಕೊಂಡ ದಿನ ಮರ ಮುಟ್ಟಬೇಡಿ, ಆ ಒಂದು ಸಂಜೆ ಪೂರ್ತಿ ಸೆಟ್ಟಿಂಗಿಗೇ ಇಡಿ. ಅಂದಹಾಗೆ ಕೆಲಸ ಮುಗಿದ ಮೇಲೆ ಬ್ಲೇಡ್ ಸಡಿಲಿಸಿ, ಸಡಿಲಿಸಿದ್ದೇನೆ ಅಂತ ಒಂದು ಚೀಟಿ ಸ್ವಿಚ್ಚಿಗೆ ಅಂಟಿಸಿ. ನನ್ನ ಯಂತ್ರದ ಮೇಲೆ ಆ ಚೀಟಿ ಈಗಲೂ ಇದೆ.