ಥಿಂಕ್‌ಪ್ಯಾಡ್ ಟಿ480: ನಾಲ್ಕು ವರ್ಷ ದಿನವಿಡೀ ಕನ್ನಡ ಟೈಪ್ ಮಾಡಿದ ಮೇಲೆ

ಲೆನೊವೊ ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪ್ ಮಾರುಕಟ್ಟೆಗೆ ಬಂದದ್ದು 2018ರ ಆರಂಭದಲ್ಲಿ. ನಾನು ಕೊಂಡದ್ದು ಅದಾಗಿ ನಾಲ್ಕು ವರ್ಷದ ಮೇಲೆ, ಬೆಂಗಳೂರಿನಲ್ಲಿ ಕಂಪ್ಯೂಟರ್ ಅಂಗಡಿಗಳ ಬೀದಿಯಾದ ಎಸ್.ಪಿ. ರೋಡಿನಲ್ಲಿ, ಸೆಕೆಂಡ್ ಹ್ಯಾಂಡ್. ಅಲ್ಲಿಂದ ಇಲ್ಲಿಯವರೆಗೆ ಅನುವಾದ, ಕರಡು ತಿದ್ದುವುದು, ಬಿಲ್ಲು, ಮಗಳ ಪ್ರಾಜೆಕ್ಟು ಎಲ್ಲವೂ ಇದರಲ್ಲೇ ನಡೆದಿವೆ. ವಿಂಡೋಸ್ 10ಕ್ಕೆ ಬೆಂಬಲ ನಿಂತ ಮೇಲೆ ಪರಿಚಯದವರು ಹಳೆಯದನ್ನೇ ಇಟ್ಟುಕೊಳ್ಳುವುದೋ, ಹೊಸದು ತೆಗೆದುಕೊಳ್ಳುವುದೋ ಎಂದು ಮೇಲಿಂದ ಮೇಲೆ ಕೇಳುತ್ತಿದ್ದಾರೆ. ಎಲ್ಲರಿಗೂ ಫೋನಿನಲ್ಲಿ ಹೇಳುತ್ತಿರುವುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಲ್ಯಾಪ್‌ಟಾಪ್ ಕೊಳ್ಳುವಾಗ ಮುಂದಿನ ಅಂದಕ್ಕಿಂತ ಮುಂಚೆ ಹಿಂದಿನ ಮುಚ್ಚಳದೊಳಗೆ ಏನೇನು ಬದಲಾಯಿಸಬಹುದು ಎಂದು ವಿಚಾರಿಸಿ. ಟಿ480 ಇಂದಿಗೂ ನನ್ನ ಮೇಜಿನ ಮೇಲಿರುವುದು ಆ ಒಂದೇ ಕಾರಣಕ್ಕೆ.

ಅಂಗಡಿಯಲ್ಲಿ ಹಿಂದಿನ ಮಾದರಿ ಟಿ470 ಮತ್ತು ಟಿ480 ಅಕ್ಕಪಕ್ಕ ಇಟ್ಟಿದ್ದರು. ನೋಡಲು ಅಣ್ಣತಮ್ಮಂದಿರು. “ಎರಡೂ ಒಂದೇ ಮೇಡಂ, ಎರಡೂ ಕಂಪನಿ ಪೀಸು, ಇದು ಸ್ವಲ್ಪ ಕಮ್ಮಿಗೆ ಬರುತ್ತೆ” ಎಂದು ಅಂಗಡಿಯವರು ಟಿ470 ಮುಂದೆ ತಳ್ಳಿದರು. ಎರಡೂ ಖಂಡಿತ ಒಂದೇ ಅಲ್ಲ. ಟಿ470ರಲ್ಲಿ ಇಂಟೆಲ್‌ನ 6 ಅಥವಾ 7ನೇ ಜನರೇಶನ್, ಎರಡೇ ಕೋರ್. ಟಿ480ರಲ್ಲಿ ಸಾಮಾನ್ಯವಾಗಿ ಸಿಗುವುದು 8ನೇ ಜನರೇಶನ್ ಐ5, ನಾಲ್ಕು ಕೋರ್. 2021ರ ಅಕ್ಟೋಬರ್ 5ರಂದು ವಿಂಡೋಸ್ 11 ಬಂದಾಗ ಮೈಕ್ರೋಸಾಫ್ಟ್ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು ಎಂದಿತು, ಇಂಟೆಲ್ ಪ್ರೊಸೆಸರ್‌ಗಳಲ್ಲಿ ಬೆರಳೆಣಿಕೆಯ ವಿನಾಯಿತಿ ಬಿಟ್ಟರೆ 8ನೇ ಜನರೇಶನ್ ಮತ್ತು ಅದರ ನಂತರದವನ್ನು ಮಾತ್ರ ಪಟ್ಟಿಗೆ ಸೇರಿಸಿತು. ಆ ಗೆರೆಯ ಈಚೆಗೆ ಟಿ480, ಆಚೆಗೆ ಟಿ470. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಭದ್ರತಾ ಅಪ್‌ಡೇಟ್ ನಿಂತಾಗ ನಾನು ಆಗಲೇ ವಿಂಡೋಸ್ 11ಕ್ಕೆ ದಾಟಿ ಆಗಿತ್ತು. ಅದೇ ಕಾಲಕ್ಕೆ ಟಿ470 ಕೊಂಡ ನನ್ನ ಸಹೋದ್ಯೋಗಿ 2026ರ ಅಕ್ಟೋಬರ್ 13ರವರೆಗಿನ ಒಂದು ವರ್ಷದ ಹೆಚ್ಚುವರಿ ಅಪ್‌ಡೇಟ್ ಯೋಜನೆಗೆ ಹೆಸರು ನೋಂದಾಯಿಸಿಕೊಂಡು ಗಡುವು ಎಣಿಸುತ್ತಿದ್ದಾರೆ. ಕೊಳ್ಳುವ ದಿನ ಇಬ್ಬರ ಖರ್ಚಿನ ವ್ಯತ್ಯಾಸ ಒಂದು ರೇಷ್ಮೆ ಸೀರೆಯಷ್ಟೂ ಇರಲಿಲ್ಲ.

ಎಸ್.ಪಿ. ರೋಡಿಗೆ ಬರುವ ಇಂಥ ಮಾಲು ಬಹುಪಾಲು ಐಟಿ ಕಂಪನಿಗಳು ಲೀಸ್ ಮುಗಿದ ಮೇಲೆ ಹಿಂದಿರುಗಿಸಿದ್ದು. ಕೊಳ್ಳುವ ಮುಂಚೆ ಅಂಗಡಿಯಲ್ಲೇ ನಿಂತು ಪರೀಕ್ಷಿಸಬೇಕಾದ ಕೆಲವು ವಿಷಯಗಳಿವೆ. ಆನ್ ಮಾಡಿದ ಕೂಡಲೇ ಎಫ್1 ಒತ್ತಿ ಬಯಾಸ್ (ವಿಂಡೋಸ್‌ಗೂ ಮುಂಚೆ ಓಡುವ ಮೂಲ ಸೆಟ್ಟಿಂಗ್) ಒಳಗೆ ಹೋಗಿ. ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿದರೆ ಆ ಯಂತ್ರ ಬೇಡ, ಎಷ್ಟೇ ಅಗ್ಗವಾಗಿರಲಿ. ಹಳೆಯ ಕಂಪನಿಯ ಬೀಗ ಇನ್ನೂ ಅದರ ಮೇಲಿದೆ. ಆಮೇಲೆ ವಿಂಡೋಸ್ ರೀಸೆಟ್ ಮಾಡಿಸಿ, ಇಂಟರ್ನೆಟ್‌ಗೆ ಜೋಡಿಸಿಯೇ ಸೆಟಪ್ ಮುಗಿಸಿ. ಕಂಪನಿಗಳು ತಮ್ಮ ಯಂತ್ರಗಳನ್ನು ದೂರದಿಂದಲೇ ನಿಯಂತ್ರಿಸಲು ಮಾಡುವ ಆಟೋಪೈಲಟ್ ನೋಂದಣಿ ತೆಗೆಯದೆ ಮಾರಿದ್ದರೆ ಯಾವುದೋ ಕಂಪನಿಯ ಲಾಗಿನ್ ಪುಟ ಎದುರು ಬರುತ್ತದೆ. ಆ್ಯಕ್ಟಿವೇಶನ್ ಪುಟದಲ್ಲಿ ಡಿಜಿಟಲ್ ಲೈಸೆನ್ಸ್ ಎಂದಿರಬೇಕು. 180 ದಿನಕ್ಕೆ ಮುಗಿಯುವ ಆ್ಯಕ್ಟಿವೇಶನ್ ಕಂಡರೆ ಅದು ಕಂಪನಿಗಳ ಬಳಕೆಗೆಂದು ಇರುವ ವ್ಯವಸ್ಥೆಯನ್ನು ಅಡ್ಡದಾರಿಯಲ್ಲಿ ಬಳಸಿದ್ದು. ಕೊನೆಗೆ ಕಮಾಂಡ್ ಪ್ರಾಂಪ್ಟಿನಲ್ಲಿ powercfg /batteryreport ಎಂದು ಕೊಟ್ಟು ಬ್ಯಾಟರಿ ವರದಿ ತೆಗೆಸಿ. ಹೊಸದಿದ್ದಾಗಿನ ಸಾಮರ್ಥ್ಯ ಎಷ್ಟು, ಈಗ ಪೂರ್ತಿ ಚಾರ್ಜ್ ಆದಾಗ ಎಷ್ಟು ನಿಲ್ಲುತ್ತದೆ ಎಂಬುದು ಒಂದೇ ಪುಟದಲ್ಲಿ ಸಿಗುತ್ತದೆ. ನನಗೆ ತೋರಿಸಿದ ಯಂತ್ರದ ಹೊರ ಬ್ಯಾಟರಿ ಅರ್ಧಕ್ಕಿಂತ ಕೆಳಗಿತ್ತು. ವರದಿ ತೋರಿಸಿದ್ದೇ ತಡ, ಮರುಮಾತಿಲ್ಲದೆ ಒಳಗಿನಿಂದ ಬೇರೆ ತಂದು ಹಾಕಿಕೊಟ್ಟರು.

ಬ್ಯಾಟರಿಯ ವಿಷಯಕ್ಕೆ ಬಂದರೆ ಟಿ480ರ ನಿಜವಾದ ಸೊಗಸು ಅಲ್ಲೇ ಇದೆ. ಒಳಗೊಂದು 24 ವ್ಯಾಟ್-ಅವರ್ ಬ್ಯಾಟರಿ, ಹಿಂದೆ ಕಳಚಿ ತೆಗೆಯಬಹುದಾದ ಇನ್ನೊಂದು. ಹೊರಗಿನದರಲ್ಲಿ ತೆಳ್ಳಗಿನ 24ರಿಂದ ದಪ್ಪನೆಯ 72 ವ್ಯಾಟ್-ಅವರ್‌ವರೆಗೆ ಸಿಗುತ್ತವೆ. ಹೊರಗಿನದು ಖಾಲಿಯಾದರೆ ಯಂತ್ರ ಆಫ್ ಮಾಡದೆಯೇ ಕಳಚಿ ಚಾರ್ಜ್ ಆದದ್ದನ್ನು ಸಿಕ್ಕಿಸಬಹುದು, ಅಷ್ಟು ಹೊತ್ತು ಒಳಗಿನದು ಹೊತ್ತುಕೊಳ್ಳುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಬೆಳಿಗ್ಗೆ ಹೋದರೆ ಮಧ್ಯಾಹ್ನಕ್ಕೆ ಬಂದರೂ ಪುಣ್ಯ. ಅಂಥ ದಿನಗಳಲ್ಲೂ ಕರಡು ಹೊತ್ತಿಗೆ ಸರಿಯಾಗಿ ಕಳಿಸಿದ್ದೇನೆಂದರೆ ಈ ಎರಡನೆಯ ಬ್ಯಾಟರಿಯಿಂದಲೇ. ದಪ್ಪ ಬ್ಯಾಟರಿ ಹಾಕಿದರೆ ಹಿಂಭಾಗ ಒಂದಿಷ್ಟು ಎತ್ತರವಾಗುತ್ತದೆ, ತೂಕ ಏರುತ್ತದೆ. ಆದರೆ ಆ ಇಳಿಜಾರು ನನ್ನ ಮಣಿಕಟ್ಟಿಗೆ ಒಗ್ಗಿಹೋಗಿದೆ, ಅಡಿಯಲ್ಲಿ ಗಾಳಿಯೂ ಆಡುತ್ತದೆ. ಮರುವರ್ಷ ಬಂದ ಟಿ490ರಲ್ಲಿ ಈ ವ್ಯವಸ್ಥೆಯನ್ನೇ ತೆಗೆದುಹಾಕಿದರು.

ಲೆನೊವೊ ವ್ಯಾಂಟೇಜ್ ಎಂಬ ತಂತ್ರಾಂಶದಲ್ಲಿ ಚಾರ್ಜ್ 80ಕ್ಕೆ ನಿಲ್ಲುವಂತೆ ಮಾಡಿಟ್ಟಿದ್ದೇನೆ. ಸದಾ ಪ್ಲಗ್ ಹಾಕಿಯೇ ಕೂರುವವರು ಇದೊಂದನ್ನು ತಪ್ಪದೆ ಮಾಡಿ. ಬದಲಿ ಬ್ಯಾಟರಿ ಕೊಳ್ಳುವಾಗ ಲೇಬಲ್ ನಂಬಬೇಡಿ. ಆನ್‌ಲೈನಿನಲ್ಲಿ ತರಿಸಿದ ಒಂದರ ಮೇಲೆ 72 ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು, ವರದಿ ತೆಗೆದರೆ ಅದರ ಹತ್ತಿರವೂ ಇರಲಿಲ್ಲ. ಅವತ್ತೇ ವಾಪಸು ಕಳಿಸಿದೆ.

ಇನ್ನು ಕೀಬೋರ್ಡು. ದಿನಕ್ಕೆ ಹತ್ತಾರು ಪುಟ ಟೈಪ್ ಮಾಡುವವರಿಗೆ ಇದಕ್ಕಿಂತ ಮುಖ್ಯವಾದ ಭಾಗ ಬೇರೆ ಇಲ್ಲ. ಕೀಲಿ ಆಳಕ್ಕೆ ಇಳಿಯುತ್ತದೆ, ಒತ್ತಿದ್ದು ಬೆರಳಿಗೆ ಗೊತ್ತಾಗುತ್ತದೆ. ನಾನು ಬಳಸುವುದು ನುಡಿ ಎಂಬ ಕನ್ನಡ ತಂತ್ರಾಂಶದ ಕಗಪ ಕೀಲಿ ವಿನ್ಯಾಸ. ಅದರಲ್ಲಿ ಅರ್ಧಾಕ್ಷರಕ್ಕೆ ಎಫ್ ಕೀಲಿ. ಕನ್ನಡದಲ್ಲಿ ಒತ್ತಕ್ಷರವಿಲ್ಲದ ಸಾಲು ಎಷ್ಟು ಸಿಗುತ್ತದೆ ಹೇಳಿ! ಕೆ, ಎಫ್, ಎಕ್ಸ್ ಒತ್ತಿದರೆ ಕ್ಷ. ಪ್ರತಿಯೊಂದು ತ್ತ, ಲ್ಲ, ನ್ನ, ದ್ದಕ್ಕೂ ನಡುವೆ ಎಫ್ ಬೇಕೇ ಬೇಕು. ಮೂರನೇ ವರ್ಷಕ್ಕೆ ಆ ಕೀಲಿಯ ಮೇಲಿನ ಅಕ್ಷರ ಪೂರ್ತಿ ಮಾಸಿಹೋಗಿತ್ತು, ನೋಡದೆ ಟೈಪ್ ಮಾಡುವಾಗ ತೋರುಬೆರಳಿಗೆ ಗುರುತು ಹತ್ತುವ ಸಣ್ಣ ಉಬ್ಬೂ ಸವೆದು ನುಣುಪಾಗಿತ್ತು. ಪಕ್ಕದ ಜಿ ಮಾತ್ರ ಹೊಸದರ ಹಾಗೆ ಇತ್ತು. ಈ ಸವೆತ ಕೀಬೋರ್ಡಿನ ದೋಷವಲ್ಲ, ಕನ್ನಡ ಲಿಪಿಯ ದುಡಿತ. ಹೊಸ ಕೀಬೋರ್ಡು ಎರಡು ಸಾವಿರದೊಳಗೆ ಸಿಕ್ಕಿತು. ಬಯಾಸ್‌ನಲ್ಲಿ ಒಳ ಬ್ಯಾಟರಿಯನ್ನು ನಿಷ್ಕ್ರಿಯ ಮಾಡಿ, ಹೊರಗಿನದನ್ನು ಕಳಚಿ, ಅಡಿಯ ಎರಡು ಸ್ಕ್ರೂ ಸಡಿಲಿಸಿ, ಕೀಬೋರ್ಡನ್ನು ಸರಿಸಿ ಎತ್ತಿದರೆ ಕೈಗೆ ಬರುತ್ತದೆ. ರಿಬ್ಬನ್ ಕೇಬಲ್ ಬಿಡಿಸುವಾಗ ಮಾತ್ರ ಉಗುರಿನ ತುದಿಯಲ್ಲಿ ಹಗುರವಾಗಿ ಎಬ್ಬಿಸಬೇಕು. ಸಂಜೆ ಚಹಾ ಕುದಿಯಲು ಇಟ್ಟು ಶುರುಮಾಡಿದವಳು ಅದು ಆರುವ ಮೊದಲೇ ಮುಗಿಸಿದ್ದೆ. ಇತ್ತೀಚಿನ ತೆಳ್ಳನೆಯ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇದೇ ಕೆಲಸಕ್ಕೆ ಮದರ್‌ಬೋರ್ಡನ್ನೇ ಹೊರತೆಗೆಯಬೇಕು, ಇಲ್ಲವೇ ಮೇಲಿನ ಇಡೀ ಕವಚ ಬದಲಾಯಿಸಬೇಕು.

ರ‍್ಯಾಮ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎರಡು ರ‍್ಯಾಮ್ ಸ್ಲಾಟ್ ಇವೆ, ಡಿಡಿಆರ್4, ಕಂಪನಿಯ ಲೆಕ್ಕದಲ್ಲಿ 32 ಜಿಬಿವರೆಗೆ. ಬಂದಾಗ 8 ಇತ್ತು, ಇನ್ನೊಂದು 8 ಸೇರಿಸಿದೆ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ಏರಿತು, ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರದಿಂದಲೇ ಹೊರಹೋಗುವುದಾಗಿ ಪ್ರಕಟಿಸಿತು. ಹಾಗಾಗಿ ಈಗ ಸೆಕೆಂಡ್ ಹ್ಯಾಂಡ್ ಕೊಳ್ಳುವವರು 16 ಜಿಬಿ ಇರುವ ಪೀಸನ್ನೇ ಹುಡುಕುವುದು ಲಾಭ. ಟಿ490ರಲ್ಲೂ ಅದರ ನಂತರದ ಮೊದಲ ಟಿ14ರಲ್ಲೂ ಒಂದು ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿದೆ, ಒಂದು ಸ್ಲಾಟ್ ಮಾತ್ರ ಖಾಲಿ.

ವಿಂಡೋಸ್ 11 ಇದರಲ್ಲಿ ಹೇಗಿದೆ? 16 ಜಿಬಿಯಲ್ಲಿ ನೆಮ್ಮದಿಯಾಗಿದೆ. 2024ರ ಆವೃತ್ತಿಯಾದ 24ಎಚ್2 ದೊಡ್ಡ ಅಪ್‌ಡೇಟ್, ರಾತ್ರಿ ಹಚ್ಚಿಟ್ಟು ಮಲಗಿದೆ. ಮರುವರ್ಷದ 25ಎಚ್2 ಅದರ ಮೇಲೆ ಚಿಕ್ಕ ಪೊಟ್ಟಣವಾಗಿ ಬಂತು, ಒಂದು ರೀಸ್ಟಾರ್ಟ್‌ನಲ್ಲಿ ಮುಗಿಯಿತು. ಹಳೆಯ ಯಂತ್ರ ಇಟ್ಟುಕೊಂಡವರು ಗಮನಿಸಬೇಕಾದದ್ದು ಬೇರೆ ಇದೆ. ಯಂತ್ರ ಶುರುವಾಗುವಾಗ ನಂಬಬಹುದಾದ ತಂತ್ರಾಂಶವನ್ನು ಮಾತ್ರ ಓಡಲು ಬಿಡುವ ಸೆಕ್ಯೂರ್ ಬೂಟ್‌ಗೆ 2011ರಲ್ಲಿ ಕೊಟ್ಟ ಸರ್ಟಿಫಿಕೇಟ್‌ಗಳ ಅವಧಿ 2026ರ ಜೂನ್‌ನಿಂದ ಮುಗಿಯುತ್ತಾ ಬರುತ್ತದೆ. 2023ರ ಹೊಸ ಸರ್ಟಿಫಿಕೇಟ್‌ಗಳು ವಿಂಡೋಸ್ ಅಪ್‌ಡೇಟ್ ಮೂಲಕ ಬರುತ್ತವೆ. ಆದ್ದರಿಂದ ಅಪ್‌ಡೇಟನ್ನು ತಿಂಗಳುಗಟ್ಟಲೆ ಮುಂದೂಡಬೇಡಿ. ಬಯಾಸ್ ಮುಟ್ಟುವ ಮುನ್ನ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇದೆಯೇ ನೋಡಿ, ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಹೊಸದಾಗಿ ವಿಂಡೋಸ್ 11 ಹಾಕಿದ ಯಂತ್ರಗಳಲ್ಲಿ ಎನ್‌ಕ್ರಿಪ್ಶನ್ ನಮಗೆ ಗೊತ್ತಾಗದಂತೆಯೇ ಚಾಲೂ ಆಗಿರಬಹುದು. ಕೀ ಇಲ್ಲದೆ ಸಿಕ್ಕಿಕೊಂಡರೆ ಒಳಗಿನ ಕಡತಗಳ ಆಸೆ ಬಿಡಬೇಕು. ಟಿ480 ಕೊಂಡವರು ಮೊದಲ ವಾರವೇ ಮಾಡಬೇಕಾದ ಇನ್ನೊಂದು ಕೆಲಸ ಥಂಡರ್‌ಬೋಲ್ಟ್ ಎಂಬ ಯುಎಸ್‌ಬಿ-ಸಿ ಕಿಂಡಿಯನ್ನು ನಡೆಸುವ ಫರ್ಮ್‌ವೇರ್ (ಚಿಪ್ಪಿನೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡುವುದು. ಆ ಕಾಲದ ಹಲವು ಥಿಂಕ್‌ಪ್ಯಾಡ್‌ಗಳಿಗೆ ಲೆನೊವೊ ಇದನ್ನು ಅತಿ ಮುಖ್ಯ ಎಂದು ಗುರುತಿಸಿ ಹೊರಡಿಸಿದೆ. ಚಾರ್ಜ್ ಆಗುವುದೂ ಯುಎಸ್‌ಬಿ-ಸಿಯಿಂದಲೇ ಆದ್ದರಿಂದ ಇದನ್ನು ಅಸಡ್ಡೆ ಮಾಡುವಂತಿಲ್ಲ.

ಡಿಸ್ಕಿನ ಇನ್ನೊಂದು ಪಾರ್ಟಿಶನ್ನಿನಲ್ಲಿ, ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಉಚಿತ ಲಿನಕ್ಸ್ ಮಿಂಟ್ 22 ಹಾಕಿದ್ದೇನೆ, ಅದಕ್ಕೆ 2029ರವರೆಗೆ ಬೆಂಬಲವಿದೆ. ಕೀಬೋರ್ಡ್ ಪಟ್ಟಿಯಲ್ಲಿ ಕಗಪ ವಿನ್ಯಾಸ ಮೊದಲೇ ಇದೆ, ಏನನ್ನೂ ಡೌನ್‌ಲೋಡ್ ಮಾಡಬೇಕಿಲ್ಲ. ಗುಬ್ಬಿ, ನವಿಲು ಎಂಬ ಮುದ್ದಾದ ಕನ್ನಡ ಫಾಂಟುಗಳೂ ಸಿಗುತ್ತವೆ. ಯೂನಿಕೋಡಿನಲ್ಲೇ ಬರೆಯುವವರಿಗೆ, ಬ್ರೌಸರ್ ಮತ್ತು ಲಿಬ್ರೆ ಆಫೀಸ್ ಸಾಕು ಎನ್ನುವವರಿಗೆ ವಿಂಡೋಸ್ 11ರ ಪಟ್ಟಿಯಿಂದ ಹೊರಗುಳಿದ ಟಿ470ನಂಥ ಯಂತ್ರವನ್ನು ಉಳಿಸಿಕೊಳ್ಳಲು ಇದು ಒಳ್ಳೆಯ ದಾರಿ. ಆ ಸಹೋದ್ಯೋಗಿಗೂ ಇದನ್ನೇ ಹಾಕಿಕೊಡಲಿದ್ದೇನೆ. ಆದರೆ ಪ್ರೆಸ್ಸಿನವರು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಕಡತವೇ ಬೇಕು, ಪುಟ ಜೋಡಿಸುವ ಪೇಜ್‌ಮೇಕರಿಗೆ ಹೊಂದಬೇಕು ಎನ್ನುವವರೆಗೆ ನಾನು ವಿಂಡೋಸ್ ಬಿಡಲಾರೆ.

ಕೊರತೆಗಳನ್ನೂ ಹೇಳಬೇಕು. ಪರದೆ ಮಂದ. ಫುಲ್ ಎಚ್‌ಡಿ ಐಪಿಎಸ್ ಪರದೆಯ ಬೆಳಕೇ 250 ನಿಟ್ಸ್, ಬಿಸಿಲು ಬೀಳುವ ಜಗುಲಿಯಲ್ಲಿ ಕೂತರೆ ಅಕ್ಷರಕ್ಕಿಂತ ನಮ್ಮ ಮುಖವೇ ಚೆನ್ನಾಗಿ ಕಾಣುತ್ತದೆ. ಬಣ್ಣಗಳೂ ಪೇಲವ, ಮುಖಪುಟ ವಿನ್ಯಾಸ ಮಾಡುವವರಿಗೆ ಖಂಡಿತ ಆಗದು. ಕ್ಯಾಮೆರಾ 720ಪಿ, ಮೀಟಿಂಗಿಗೆ ನಡೆಯುತ್ತದೆ ಅಷ್ಟೆ. ವಿಡಿಯೊ ಎಡಿಟಿಂಗ್ ಮಾಡುವವರು, ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಕೊಡಿಸುವವರು ಹೊಸದಕ್ಕೇ ಹೋಗಿ. ಅಲ್ಲಿ ಕೋಪೈಲಟ್ ಪ್ಲಸ್ ಎಂಬ ಚೀಟಿ ಎದ್ದು ಕಾಣುತ್ತದೆ. ಅದರರ್ಥ ಕನಿಷ್ಠ 16 ಜಿಬಿ ರ‍್ಯಾಮ್, 256 ಜಿಬಿ ಸಂಗ್ರಹ ಮತ್ತು 40 ಟಾಪ್ಸ್ (ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ) ಸಾಮರ್ಥ್ಯದ ಎನ್‌ಪಿಯು, ಅಂದರೆ ಎಐ ಕೆಲಸಕ್ಕೆಂದೇ ಇರುವ ಪ್ರೊಸೆಸರ್. ಚೀಟಿ ಇದ್ದರೂ ರ‍್ಯಾಮ್ ಬೆಸುಗೆಯದೋ ಸ್ಲಾಟಿನದೋ ಎಂದು ಕೇಳಲೇಬೇಕು, ಬೆಸುಗೆಯದಾದರೆ ಕೊಳ್ಳುವ ದಿನ ಇದ್ದಷ್ಟೇ ಕೊನೆಯವರೆಗೂ. 2024ರಲ್ಲಿ ಬಂದ ಥಿಂಕ್‌ಪ್ಯಾಡ್ ಟಿ14 ಜೆನ್ 5ರ ಇಂಟೆಲ್ ಮಾದರಿಗೆ ಮತ್ತೆ ಎರಡು ಸ್ಲಾಟ್ ಕೊಟ್ಟಿದ್ದಾರೆ. ರಿಪೇರಿ ವಿಧಾನ ತಿಳಿಸಿಕೊಡುವ ಐಫಿಕ್ಸಿಟ್ ಸಂಸ್ಥೆ ಅದರ ರಿಪೇರಿ ಸುಲಭತೆಗೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಾಗ ನನಗೆ ನಿಜಕ್ಕೂ ಖುಷಿಯಾಯಿತು. ಅದು ಲೀಸ್ ಮುಗಿಸಿ ಎಸ್.ಪಿ. ರೋಡಿಗೆ ಬರುವ ಹೊತ್ತಿಗೆ ನನ್ನ ಸರದಿ.

ಇವತ್ತು ಟಿ480 ಕೊಳ್ಳಬಹುದೇ ಎಂದರೆ, ಬರವಣಿಗೆ, ಲೆಕ್ಕಪತ್ರ, ಮಕ್ಕಳ ಓದಿಗೆ ಧಾರಾಳವಾಗಿ ಕೊಳ್ಳಬಹುದು. ಪರದೆ ಮಾತ್ರ 1920x1080 ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಅಗ್ಗದ ಪೀಸುಗಳಲ್ಲಿ 1366x768ರದ್ದೂ ಬರುತ್ತದೆ, ಅದರಲ್ಲಿ ಎರಡು ಪುಟ ಪಕ್ಕಪಕ್ಕ ಇಟ್ಟು ಕರಡು ತಿದ್ದುವುದು ಸಾಧ್ಯವಿಲ್ಲ.